ಜೆಂಟೂದಲ್ಲಿ ವರ್ಚುವಲ್‌ಬಾಕ್ಸ್ ಬಿಲ್ಡ್ ಫೇಲ್ ಆದಾಗ

ಜೆಂಟೂ ಲಿನಕ್ಸ್‌ನಲ್ಲಿ ಸೋರ್ಸ್ ಕೋಡ್ ಇಳಿಸಿಕೊಂಡು ನಮ್ಮ ಮಷೀನಿನಲ್ಲೇ ಕಂಪೈಲ್ ಮಾಡುವುದು (ಓಡುವ ಪ್ರೋಗ್ರಾಂ ಆಗಿ ಬದಲಾಯಿಸುವುದು) ರೂಢಿ. 2023ರ ಕೊನೆಯಿಂದ ಅಲ್ಲೂ ಬೈನರಿ, ಅಂದರೆ ಮೊದಲೇ ಕಂಪೈಲ್ ಆದ, ಪ್ಯಾಕೇಜ್ ಸಿಗುತ್ತಿವೆ, ನಿಜ. ಆದರೆ ಯೂಸ್ ಫ್ಲ್ಯಾಗ್‌ಗಳನ್ನು (ಪ್ಯಾಕೇಜಿನಲ್ಲಿ ಯಾವ ಸೌಲಭ್ಯ ಬೇಕು, ಯಾವುದು ಬೇಡ ಎನ್ನುವ ಆಯ್ಕೆಗಳನ್ನು) ನಮಗೆ ಬೇಕಾದಂತೆ ಬದಲಾಯಿಸಿಕೊಂಡಿದ್ದರೆ ಅವು ಹೊಂದುವುದಿಲ್ಲ. ನನ್ನದೂ ಅದೇ ಕಥೆ. ಸಣ್ಣ ಪ್ಯಾಕೇಜ್ ಆದರೆ ಕಂಪೈಲ್ ಆಗಿದ್ದೇ ಗೊತ್ತಾಗುವುದಿಲ್ಲ. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್ ಹಾಗಲ್ಲ. ರಾಶಿ ಸಿ++ ಕೋಡ್, ಮೇಲೆ ಕ್ಯೂಟಿ ಎಂಬ ಲೈಬ್ರರಿಯ ಇಂಟರ್‌ಫೇಸ್ ಬೇರೆ.

ಅಪ್‌ಡೇಟ್ ಮಾಡುವಾಗ ಅದು ಅರ್ಧಕ್ಕೇ ನಿಂತಿತು. ಫೇಲ್ ಆದಾಗ, ಪ್ಯಾಕೇಜ್ ಹಾಕುವ ಕಮಾಂಡ್ ಆದ ಎಮರ್ಜ್ ಒಂದು ಉಪಕಾರ ಮಾಡುತ್ತದೆ: ಪೂರ್ತಿ ಬಿಲ್ಡ್ ಲಾಗ್ ಯಾವ ಫೋಲ್ಡರಿನಲ್ಲಿದೆ ಎಂದು ಹೇಳುತ್ತದೆ. ಸ್ಕ್ರೀನಿನ ಮೇಲಿನ ಕೊನೆಯ ಸಾಲುಗಳನ್ನು ಮಾತ್ರ ನಂಬಬಾರದು. ‘ಎರರ್ 1’ ಎಂದು ಅಲ್ಲಿದ್ದರೆ ಏನೋ ಕೆಟ್ಟಿದೆ ಎಂದಷ್ಟೇ ಅರ್ಥ. ನನ್ನ ಮಷೀನಿನಲ್ಲಿ ಏಕಕಾಲಕ್ಕೆ 16 ಜಾಬ್ (ಕಂಪೈಲ್ ಕೆಲಸದ ತುಂಡುಗಳು) ಓಡುತ್ತವೆ. ಒಂದು ಸತ್ತರೂ ಉಳಿದ 15 ತಮ್ಮ ಕೆಲಸ ಮುಗಿಸಿ, ತಮ್ಮ ಮೆಸೇಜುಗಳನ್ನೂ ಬರೆದೇ ನಿಲ್ಲುತ್ತವೆ. ಹಾಗಾಗಿ ನಿಜವಾದ ಕಾರಣ ನೂರಾರು ಸಾಲು ಮೇಲೆ ಹೂತುಹೋಗಿರುತ್ತದೆ.

ಲಾಗಿನಲ್ಲಿ ಸುಮ್ನೆ ‘ಎರರ್’ ಎಂದು ಹುಡುಕಿದರೆ ಫೈಲ್ ಹೆಸರುಗಳು, ಕಂಪೈಲರ್ ಆಪ್ಷನ್‌ಗಳು ಎಲ್ಲ ಸಿಕ್ಕಿ ತಲೆ ಕೆಡುತ್ತದೆ. ‘ಎರರ್’ ಆದಮೇಲೆ ಕೋಲನ್ ಚಿಹ್ನೆ ಸೇರಿಸಿ ಹುಡುಕಬೇಕು. ಮೊದಲು ಸಿಗುವುದೇ ಮುಖ್ಯ. ನನಗೆ ಸಿಕ್ಕಿದ್ದು ‘ಫೇಟಲ್ ಎರರ್: ಕಿಲ್ಡ್ ಸಿಗ್ನಲ್ ಟರ್ಮಿನೇಟೆಡ್ ಪ್ರೋಗ್ರಾಂ ಸಿಸಿ1ಪ್ಲಸ್’. ಸಿಸಿ1ಪ್ಲಸ್ ಎಂದರೆ ಸಿ++ ಕಂಪೈಲರ್.

ಇದನ್ನು ನೋಡಿದ ತಕ್ಷಣ ಕೋಡ್ ಕಡೆ ನೋಡುವುದನ್ನು ಬಿಟ್ಟೆ. ಕೋಡಿನಲ್ಲಿ ತಪ್ಪಿದ್ದರೆ ಕಂಪೈಲರ್ ಫೈಲಿನ ಹೆಸರು, ಸಾಲಿನ ನಂಬರ್ ಸಮೇತ ದೂರು ಹೇಳುತ್ತದೆ. ಇಲ್ಲಿ ಕಂಪೈಲರನ್ನೇ ಯಾರೋ ಕೊಂದಿದ್ದಾರೆ. ಕೊಂದವರ ಗುರುತು ಬಿಲ್ಡ್ ಲಾಗಿನಲ್ಲಿ ಸಿಗುವುದಿಲ್ಲ, ಕರ್ನಲ್ (ಲಿನಕ್ಸ್‌ನ ತಿರುಳು) ಲಾಗಿನಲ್ಲಿ ಸಿಗುತ್ತದೆ. ಅಲ್ಲಿ ‘ಔಟ್ ಆಫ್ ಮೆಮರಿ’ ಎಂದು ಸ್ಪಷ್ಟವಾಗಿತ್ತು: ಮೆಮರಿ ಸಾಲದೆ ಕರ್ನಲ್ಲೇ ಕಂಪೈಲರನ್ನು ಕೊಂದಿತ್ತು.

ಪ್ರತಿ ಜಾಬ್‌ಗೆ ಸುಮಾರು 2 ಜಿಬಿ ರ‍್ಯಾಮ್ ಇರಲಿ ಎನ್ನುವುದು ಜೆಂಟೂ ಬಳಸುವವರ ಲೆಕ್ಕ. 16 ಜಾಬ್‌ಗೆ 32 ಆಯಿತು, ನನ್ನಲ್ಲಿರುವುದು 16. ಹಾಗಿದ್ದರೆ ಬೇರೆ ಪ್ಯಾಕೇಜ್‌ಗಳು ಹೇಗೆ ಬಿಲ್ಡ್ ಆಗುತ್ತಿದ್ದವು? ಸರಳ ಸಿ ಕೋಡಿಗೆ ಅಷ್ಟು ಮೆಮರಿ ಬೇಕಾಗುವುದೇ ಇಲ್ಲ. ಸಿ++ ಟೆಂಪ್ಲೇಟ್‌ಗಳೇ ಹೊಟ್ಟೆಬಾಕರು. ಇನ್ನೊಂದು ವಿಷಯವೂ ಇತ್ತು. ವೇಗಕ್ಕೆಂದು ಪೋರ್ಟೇಜ್‌ನ (ಜೆಂಟೂದ ಪ್ಯಾಕೇಜ್ ವ್ಯವಸ್ಥೆಯ) ಬಿಲ್ಡ್ ಫೋಲ್ಡರನ್ನು ಟೆಂಪ್‌ಎಫ್‌ಎಸ್‌ನಲ್ಲಿ, ಅಂದರೆ ರ‍್ಯಾಮಿನಲ್ಲೇ, ಇಡುವ ಅಭ್ಯಾಸ ತುಂಬಾ ಜನರಿಗಿದೆ, ನನಗೂ ಇದೆ. ಬಿಲ್ಡ್ ಮುಂದುವರಿದಂತೆ ಕಂಪೈಲ್ ಆಗಿ ಬರುವ ಆಬ್ಜೆಕ್ಟ್ ಫೈಲುಗಳು ರ‍್ಯಾಮ್ ತುಂಬುತ್ತವೆ, ಕಂಪೈಲರ್‌ಗೆ ಉಳಿಯುವ ಜಾಗ ಅಷ್ಟೇ ಕಡಿಮೆಯಾಗುತ್ತದೆ.

‘ಇನ್ನೊಂದ್ಸಲ ಓಡಿಸಿ ನೋಡಿ’ ಎಂಬ ಸಲಹೆ ಕೆಲವೊಮ್ಮೆ ಫಲಿಸುವುದೂ ಇದಕ್ಕೇ. ಆ ಹೊತ್ತಿಗೆ ಬ್ರೌಸರ್ ಮುಚ್ಚಿದ್ದಿರಬಹುದು, ಅಲ್ವಾ? ಆ ಸಲಹೆ ನನಗೆ ಹಿಡಿಸುವುದಿಲ್ಲ.

ಎಲ್ಲ ಪ್ಯಾಕೇಜ್‌ಗಳಿಗೂ ಜಾಬ್ ಕಡಿಮೆ ಮಾಡಿದರೆ ಇಡೀ ಸಿಸ್ಟಂ ನಿಧಾನ. ಅದರ ಬದಲು ಪೋರ್ಟೇಜ್‌ನ ಎನ್ವ್ ಫೋಲ್ಡರಿನಲ್ಲಿ ಒಂದು ಸಣ್ಣ ಫೈಲ್ ಮಾಡಿ ಎರಡೇ ಸಾಲು ಬರೆದೆ: ಮೇಕ್‌ಆಪ್ಟ್ಸ್‌ಗೆ 4 ಜಾಬ್, ಪೋರ್ಟೇಜ್ ಟೆಂಪ್‌ಡಿರ್‌ಗೆ (ಬಿಲ್ಡ್ ನಡೆಯುವ ಜಾಗಕ್ಕೆ) ಡಿಸ್ಕ್ ಮೇಲಿನ ಒಂದು ಫೋಲ್ಡರ್. ಆ ಫೋಲ್ಡರನ್ನು ಮೊದಲೇ ಮಾಡಿಟ್ಟಿರಬೇಕು. ನಂತರ ಪ್ಯಾಕೇಜ್.ಎನ್ವ್‌ನಲ್ಲಿ ವರ್ಚುವಲ್‌ಬಾಕ್ಸ್ ಹೆಸರಿನ ಮುಂದೆ ಆ ಫೈಲಿನ ಹೆಸರು ಹಾಕಿದರೆ ಮುಗಿಯಿತು. ಬಿಲ್ಡ್ ನಿಧಾನವಾಯಿತು, ಆದರೆ ಕೊನೆ ಮುಟ್ಟಿತು.

ಆಮೇಲೆ ವರ್ಚುವಲ್‌ಬಾಕ್ಸ್‌ಗೆ ಬೇಕಾದ ಕರ್ನಲ್ ಮಾಡ್ಯೂಲ್‌ಗಳ (ಕರ್ನಲ್‌ಗೆ ಸೇರುವ ತುಂಡುಗಳ) ಪ್ಯಾಕೇಜ್ ಕೈಕೊಟ್ಟಿತು. ಕಾನ್ಫಿಗ್ ಫೈಲ್ ಕಾಣುತ್ತಿಲ್ಲ ಎಂಬ ದೂರು. ಇದು ಹಳೆಯ ಪರಿಚಯ. ಹೊಸ ಕರ್ನಲ್ ಸೋರ್ಸ್ ಬಂದಾಗ ಲಿನಕ್ಸ್ ಎಂಬ ಸಿಮ್‌ಲಿಂಕ್ (ಇನ್ನೊಂದು ಫೋಲ್ಡರಿಗೆ ದಾರಿ ತೋರಿಸುವ ಲಿಂಕ್) ಅದರತ್ತ ತಿರುಗಿತ್ತು, ಆ ಸೋರ್ಸ್ ಇನ್ನೂ ಕಾನ್ಫಿಗರ್ ಆಗಿರಲಿಲ್ಲ. ಎಸೆಲೆಕ್ಟ್ ಎಂಬ ಕಮಾಂಡಿನಿಂದ ಲಿಂಕನ್ನು ಈಗ ಓಡುತ್ತಿರುವ ಕರ್ನಲ್‌ಗೆ ತಿರುಗಿಸಿ ಮಾಡ್ಯೂಲ್‌ಗಳನ್ನು ಮತ್ತೆ ಬಿಲ್ಡ್ ಮಾಡಲು ಮಾಡ್ಯೂಲ್-ರೀಬಿಲ್ಡ್ ಕೊಟ್ಟೆ. ಹೊಸ ಕರ್ನಲ್‌ಗೇ ಹೋಗುವುದಾದರೆ ಅದನ್ನು ಕಾನ್ಫಿಗರ್ ಮಾಡಿ, ಬಿಲ್ಡ್ ಮಾಡಿ, ಅದರಲ್ಲಿ ಬೂಟ್ ಆಗಿಯೇ ಈ ಕೆಲಸ ಮಾಡುವುದು ಒಳ್ಳೆಯದು. ಲಿಂಕ್ ತೋರಿಸುವುದು ಒಂದು ಕರ್ನಲ್, ಓಡುತ್ತಿರುವುದು ಇನ್ನೊಂದು ಕರ್ನಲ್ ಆದರೆ, ಬಿಲ್ಡ್ ಚೆನ್ನಾಗಿ ಮುಗಿದರೂ ಮಾಡ್ಯೂಲ್ ಲೋಡ್ ಮಾಡುವ ಕಮಾಂಡ್ ಮಾಡ್‌ಪ್ರೋಬ್ ಮಾತ್ರ ಮಾಡ್ಯೂಲ್ ಸಿಗಲಿಲ್ಲ ಎಂದೇ ಹೇಳುತ್ತದೆ.