ಬರ್ಲಿನ್ ಸ್ಟಿಕ್ಕಿಗೆ ಪಿನ್‌ಕೋಡ್

ವಿರಾಜಪೇಟೆಯಲ್ಲಿ ನಮ್ಮದೊಂದು ಚಿಕ್ಕ ಸ್ಪೋರ್ಟ್ಸ್ ಅಂಗಡಿ. ಶಟಲ್ ರಾಕೆಟ್ಟಿಗೆ ಗಟ್ ಎಳೆಯುವುದು, ಹಾಕಿ ಸ್ಟಿಕ್ಕಿಗೆ ಗ್ರಿಪ್ ಸುತ್ತುವುದು, ಫುಟ್‌ಬಾಲಿಗೆ ಹೊಲಿಗೆ ಹಾಕುವುದು, ಇದೇ ಕೆಲಸ. ಏಪ್ರಿಲ್ ಬಂತೆಂದರೆ ಊಟಕ್ಕೂ ಪುರುಸೊತ್ತಿಲ್ಲ. ಕೊಡವರ ಒಕ್ಕ ಒಕ್ಕಗಳ, ಅಂದರೆ ಮನೆತನಗಳ, ನಡುವಿನ ಹಾಕಿ ಹಬ್ಬ ಶುರುವಾಗಿರುತ್ತದಲ್ಲ! ಮಳೆಗಾಲದಲ್ಲಿ ಮಾತ್ರ ಅಂಗಡಿಯಲ್ಲಿ ನಾನು, ರೇಡಿಯೋ, ಬಾಗಿಲಲ್ಲಿ ಮಲಗುವ ಒಂದು ನಾಯಿ.

ಮೊದಲ ಸಲ ಹರಾಜಿಗೆ ಹೋಗಿದ್ದು ಬೀರು ತರಲು. ಸಿದ್ದಾಪುರದ ಕಡೆ ಒಂದು ಹಳೇ ಎಸ್ಟೇಟ್ ಬಂಗಲೆ ಕೈ ಬದಲಾಗಿತ್ತು. ಒಳಗಿನ ಸಾಮಾನನ್ನೆಲ್ಲ ವರಾಂಡದಲ್ಲಿ ಸಾಲಾಗಿ ಇಟ್ಟು ಕೂಗುತ್ತಿದ್ದರು. ‘ಸರ್ಕಾರಿ ಸವಾಲ್ ಎರಡು ಸಾವಿರ’ ಎಂದು ಶುರುವಾದ ಬೀರು ನೋಡನೋಡುತ್ತಲೇ ಹದಿನಾಲ್ಕು ಸಾವಿರಕ್ಕೆ ಏರಿತು. ನನ್ನ ಜೇಬಿನಲ್ಲಿದ್ದದ್ದು ನಾಲ್ಕು. ಬರಿಗೈಯಲ್ಲಿ ಹೊರಟವನಿಗೆ ಮೂಲೆಯಲ್ಲಿ ಒಂದು ಟೆನಿಸ್ ರಾಕೆಟ್ ಕಂಡಿತು. ನಾಲ್ಕು ಮೂಲೆಗೂ ಚಿಟ್ಟೆ ನಟ್ಟು ಇರುವ ಮರದ ಪ್ರೆಸ್ಸಿನಲ್ಲಿ ಬಿಗಿದಿಟ್ಟಿದ್ದರು. ಗಟ್ ಎಲ್ಲ ಹರಿದು ಜೋತಾಡುತ್ತಿತ್ತು. ಕೇಳುವವರೇ ಇರಲಿಲ್ಲ. 350 ರೂಪಾಯಿಗೆ ಕೈ ಎತ್ತಿದೆ, ಬಂತು.

ಮನೆಯಲ್ಲಿ ಒರೆಸಿ ನೋಡಿದಾಗ ಹಿಡಿಗೆ ಚರ್ಮವೇ ಇಲ್ಲ, ಬರೀ ಮರ. ಬೆವರಿದ ಕೈ ಜಾರದಿರಲಿ ಎಂದು ಮರದ ಮೇಲೆಯೇ ಉದ್ದುದ್ದ ಗೀರು ಕೊರೆದಿದ್ದರು. ಚೌಕಟ್ಟು ಒಂದೇ ಪಟ್ಟಿಯನ್ನು ಬಗ್ಗಿಸಿ ಮಾಡಿದ್ದು. ತೆಳ್ಳಗಿನ ಪಟ್ಟಿಗಳನ್ನು ಅಂಟಿಸಿ ಚೌಕಟ್ಟು ಮಾಡುವುದೂ ಹಿಡಿಗೆ ಚರ್ಮ ಸುತ್ತುವುದೂ 1930ರ ದಶಕದಲ್ಲಿ ರೂಢಿಗೆ ಬಂದದ್ದು. ಹಾಗಾಗಿ ಇದು ಅದಕ್ಕೂ ಹಿಂದಿನದು. ನಲವತ್ತು ವರ್ಷದಿಂದ ರಾಕೆಟ್ ಮುಟ್ಟುವ ಕೈ ನನ್ನದು, ಆದರೂ ಅವತ್ತು ಸ್ವಲ್ಪ ನಡುಗಿತು.

ಅಲ್ಲಿಂದ ಶುರುವಾದದ್ದು ಹಳೇ ಆಟದ ಸಾಮಾನು ಹುಡುಕುವ ಚಟ.

ಪೆಟ್ಟು ತಿಂದದ್ದನ್ನೂ ಹೇಳಬೇಕಲ್ಲ. ಬೆಂಗಳೂರಿನಲ್ಲಿ ಒಂದು ಭಾನುವಾರದ ಹರಾಜು. ಕೂಗುವವನು ಒಂದು ಹಾಕಿ ಸ್ಟಿಕ್ ಎತ್ತಿ ಹಿಡಿದು, ‘1936, ಬರ್ಲಿನ್ ಒಲಿಂಪಿಕ್ಸ್, ಧ್ಯಾನ್‌ಚಂದ್ ತಂಡದಲ್ಲಿ ಆಡಿದವರ ಸ್ಟಿಕ್’ ಎಂದ. ಫೈನಲ್‌ನಲ್ಲಿ ಜರ್ಮನಿಯನ್ನು 8-1ಕ್ಕೆ ಬಡಿದ ತಂಡ! ಕೊಡಗಿನವನ ಕಿವಿಗೆ ಅಷ್ಟು ಬಿದ್ದರೆ ಸಾಕು. ಹಿಡಿಯಿಂದ ಅರ್ಧದವರೆಗೆ ಹಳೇ ಬಟ್ಟೆ ಟೇಪು ಸುತ್ತಿತ್ತು, ಕೊಳೆ ಹಿಡಿದು ಕಪ್ಪಗಾಗಿತ್ತು. ನನಗೆ ಅದೂ ಚೆಂದ ಕಂಡಿತು. ಇನ್ನಿಬ್ಬರು ಪೈಪೋಟಿಗೆ ಬಿದ್ದರು. 6,500ಕ್ಕೆ ಸುತ್ತಿಗೆ ಬಿತ್ತು. ಅದರ ಮೇಲೆ ನೂರಕ್ಕೆ 15ರಂತೆ ಕಮಿಷನ್ 975, ಆ ಕಮಿಷನ್ನಿಗೆ 18ರ ಜಿಎಸ್‌ಟಿ. ಒಟ್ಟು 7,650 ಚಿಲ್ಲರೆ. ಬಸ್ಸಿನಲ್ಲಿ ಮೈಸೂರು ದಾಟಿ ಊರು ಸೇರುವವರೆಗೂ ಅದನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದೆ.

ನನ್ನ ಹೆಂಡತಿ ನೋಡಿ, ‘ಅಂಗಡಿಯಲ್ಲಿ ಇರೋ ಸ್ಟಿಕ್ಕುಗಳು ಸಾಲದಾ ರೀ?’ ಎಂದಳು.

ಎರಡು ದಿನ ಬಿಟ್ಟು ಟೇಪು ಬಿಚ್ಚಿದೆ. ಬ್ಲೇಡ್ ಹಾಕಿದರೆ ಮರ ಕೆತ್ತಿ ಹೋಗುತ್ತದೆಂದು ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ ಮಾಡಿ ಒಂದೊಂದೇ ಸುತ್ತು. ಮೂರನೇ ಪದರ ಏಳುವಾಗ ಒಂದು ಬಣ್ಣದ ಲೇಬಲ್ಲಿನ ಅಂಚು ಕಂಡಿತು. ನಿಧಾನಕ್ಕೆ ಎಳೆದೆ. ಕಂಪನಿ ಹೆಸರು ಅಳಿಸಿತ್ತು. ಕೆಳಗೆ ಜಲಂಧರ್ ಅಂತ ಇತ್ತು. ಅದರ ಪಕ್ಕ ಒಂದು ಅಡ್ಡ ಗೆರೆ, ಆಮೇಲೆ ಅಂಕಿಗಳು. ಒಂದು, ನಾಲ್ಕು, ನಾಲ್ಕು... ಆರು ಅಂಕಿ. ಪಿನ್‌ಕೋಡ್!

ನಮ್ಮ ದೇಶಕ್ಕೆ ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಬರ್ಲಿನ್ನಿನಲ್ಲಿ ಆಡಿದ ಸ್ಟಿಕ್ಕಿಗೆ ಪಿನ್‌ಕೋಡ್ ಎಲ್ಲಿಂದ ಬರಬೇಕು?

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹರಾಜಿನವರನ್ನು ಬೈದು ಉಪಯೋಗವಿಲ್ಲ. ‘ಇದ್ದದ್ದು ಇದ್ದ ಹಾಗೆ’ ಎಂದು ಚೀಟಿಯ ಹಿಂದೆ ಅಚ್ಚಾಗಿತ್ತು. ನಾನೇ ಓದಿರಲಿಲ್ಲ. ಅವಮಾನ ಏನೆಂದರೆ, ಲೇಬಲ್ ಕಾಣದೆಯೂ ನನಗೆ ಗೊತ್ತಾಗಬೇಕಿತ್ತು. ಹಳೇ ಸ್ಟಿಕ್ಕುಗಳ ಕೊಕ್ಕೆ ಉದ್ದ, ನೆಲದ ಮೇಲೆ ಚಾಚಿಕೊಂಡಿರುತ್ತದೆ. ಇದರದ್ದು ಮೊಟಕು, ಥೇಟ್ ನಾನು ಹುಡುಗನಾಗಿದ್ದಾಗ ಆಡಿದ ಸ್ಟಿಕ್ಕಿನ ಹಾಗೆ. ಹಿಪ್ಪುನೇರಳೆ ಮರದ ಕೊಕ್ಕೆಗೆ ಬೆತ್ತದ ಹಿಡಿ ಸೇರುವ ‘ವಿ’ ಜೋಡಣೆಯೂ ಟೇಪಿನ ಕೆಳಗೆ ಇಣುಕುತ್ತಿತ್ತು. ಅಂಟು ಎಷ್ಟು ಹೊಸದೆಂದು ಯಾವ ರಿಪೇರಿಯವನೂ ಹೇಳುತ್ತಾನೆ. ನಾನು ಕಣ್ಣು ಮುಚ್ಚಿ ಕಿವಿ ಮಾತ್ರ ತೆರೆದಿದ್ದೆ.

ಈಗ ಸ್ಟಿಕ್ ಬಂದರೆ ಮೊದಲು ಮುದ್ರೆ ಹುಡುಕುತ್ತೇನೆ. ದೇಶ ಒಡೆಯುವ ಮುಂಚೆ ಈ ಕಸುಬಿನ ದೊಡ್ಡ ಊರು ಈಗ ಪಾಕಿಸ್ತಾನದಲ್ಲಿರುವ ಸಿಯಾಲ್‌ಕೋಟ್. 1947ರಲ್ಲಿ ಅಲ್ಲಿಂದ ಬಂದವರಲ್ಲಿ ಎಷ್ಟೋ ಜನ ಜಲಂಧರ್, ಮೀರತ್‌ನಲ್ಲಿ ನೆಲೆ ನಿಂತರು. ಆದ್ದರಿಂದ ಒಂದೇ ಮುದ್ರೆಯಲ್ಲಿ ಸಿಯಾಲ್‌ಕೋಟ್ ಮತ್ತು ಇಂಡಿಯಾ ಎರಡೂ ಇದ್ದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಅಂಥದ್ದು ಇಷ್ಟು ವರ್ಷದಲ್ಲಿ ಸಿಕ್ಕಿದ್ದು ಒಂದೇ ಒಂದು. ಅಮ್ಮತ್ತಿಯ ಕಡೆಯ ಒಂದು ಹರಾಜಿನಲ್ಲಿ ಕೊಡೆ, ಊರುಗೋಲುಗಳ ಕಟ್ಟಿನ ಜೊತೆ ಬಂತು. ಇಡೀ ಕಟ್ಟಿಗೆ 800 ರೂಪಾಯಿ. ಅದರ ಬಗ್ಗೆ ಯಾರೂ ಒಂದು ಮಾತೂ ಹೇಳಿರಲಿಲ್ಲ.

ಹರಾಜಿನ ದಿನಕ್ಕಿಂತ ಅದರ ಹಿಂದಿನ ದಿನವೇ ಮುಖ್ಯ. ಸಾಮಾನು ನೋಡಲು ಬಿಡುತ್ತಾರಲ್ಲ, ಆಗಲೇ ನಾನು ಹೋಗಿಬಿಡುತ್ತೇನೆ. ಚೀಲದಲ್ಲಿ ಟಾರ್ಚು, ಭೂತಗನ್ನಡಿ, ಅಳತೆ ಟೇಪು, ಒಂದು ಮ್ಯಾಗ್ನೆಟ್ಟು. ಹಿತ್ತಾಳೆ ಎನ್ನುವುದಕ್ಕೆ ಮ್ಯಾಗ್ನೆಟ್ ಅಂಟಿಕೊಂಡರೆ ಒಳಗಿರುವುದು ಕಬ್ಬಿಣ, ಮೇಲೆ ಲೇಪ. ಮರವಾದರೆ ಮೂಸಿ ನೋಡುತ್ತೇನೆ. ಹೊಸ ಪಾಲಿಶ್ ವಾಸನೆ ಹೊಡೆದರೆ ಯಾಕೆ ಹಾಕಿದರು ಎಂದು ಯೋಚಿಸಬೇಕು. ಸಣ್ಣ ತೂತುಗಳಿದ್ದರೆ ಬಿಳಿ ಕಾಗದದ ಮೇಲೆ ಕುಟ್ಟುತ್ತೇನೆ. ಹಿಟ್ಟು ಉದುರಿದರೆ ಹುಳ ಇನ್ನೂ ಒಳಗಿದೆ.

ಒಂದು ಪೆಟ್ಟಿಗೆಯ ವಿಷಯ ಹೇಳುತ್ತೇನೆ. ಪಾಲಿಬೆಟ್ಟದ ಹತ್ತಿರದ ಬಂಗಲೆ. ಹಿತ್ತಾಳೆ ಮೂಲೆಕಟ್ಟಿನ ಮರದ ಪೆಟ್ಟಿಗೆ, ಐದು ಡ್ರಾಯರ್. ಒಳಗೆ ಚೀನೀ ಅಕ್ಷರದ ಬಿಲ್ಲೆಗಳು. ಚೀಟಿಯಲ್ಲಿ ‘ಚೀನಾದ ಡಾಮಿನೋ’ ಅಂತ ಬರೆದಿದ್ದರು. ಪಕ್ಕದಲ್ಲಿ ನಿಂತಿದ್ದ ಹಳೇ ಎಸ್ಟೇಟ್ ರೈಟ್ರು ನಕ್ಕು, ‘ಡಾಮಿನೋ ಅಲ್ಲ ಮಾರಾಯ್ರೇ, ಅದು ದೊರೆಸಾನಿಯರ ಇಸ್ಪೀಟು. ಮಳೆ ಹಿಡಿದರೆ ನಾಲ್ಕು ಜನ ಕೂತು ಟಕಟಕ ಅನ್ನಿಸ್ತಿದ್ದರು ಅಂತ ನಮ್ಮಪ್ಪ ಹೇಳ್ತಿದ್ದರು’ ಎಂದರು. ಅದು ಮಾಜಾಂಗ್. 1920ರ ದಶಕದಲ್ಲಿ ಇಂಗ್ಲೆಂಡ್, ಅಮೆರಿಕಕ್ಕೆಲ್ಲ ಅದರ ಹುಚ್ಚು ಹಿಡಿದಿತ್ತು.

ಅನುಮತಿ ಕೇಳಿ ವರಾಂಡದ ನೆಲದ ಮೇಲೆ ಟವೆಲ್ ಹಾಸಿ ಎಣಿಸಲು ಕೂತೆ. ಪೂರ್ತಿ ಸೆಟ್ಟಿಗೆ 144 ಬಿಲ್ಲೆ. ಬಿದಿರು, ವೃತ್ತ, ಅಕ್ಷರ ಎಂದು ಮೂರು ಜಾತಿ. ಒಂದೊಂದರಲ್ಲೂ ಒಂದರಿಂದ ಒಂಬತ್ತು, ಪ್ರತಿಯೊಂದೂ ನಾಲ್ಕು ನಾಲ್ಕು. ಅಲ್ಲಿಗೆ 108. ನಾಲ್ಕು ದಿಕ್ಕಿನ ಗಾಳಿಗಳದ್ದು 16, ಡ್ರ್ಯಾಗನ್‌ಗಳದ್ದು 12. ಮಿಕ್ಕ ಎಂಟು ಹೂವು, ಋತುಗಳದ್ದು. ನನಗೆ ಚೀನೀ ಓದಲು ಬರುವುದಿಲ್ಲ. ಒಂದೇ ಥರದ್ದನ್ನು ನಾಲ್ಕು ನಾಲ್ಕು ಜೋಡಿಸುತ್ತಾ ಹೋದೆ, ಅಷ್ಟೇ. ಸಿಕ್ಕಿದ್ದು 141. ಇಲ್ಲದ ಮೂರೂ ಹೂವಿನ ಕಡೆಯವು. ಅವಿಲ್ಲದೆಯೂ 136ರಲ್ಲೇ ಆಟ ನಡೆಯುತ್ತದೆ. ಬಿದಿರಿನ ಬಿಲ್ಲೆಯೊಂದು ಕಳೆದಿದ್ದರೆ ಪೆಟ್ಟಿಗೆ ಮುಚ್ಚಿ ಎದ್ದು ಬರುತ್ತಿದ್ದೆ.

ಬಿಲ್ಲೆಯ ಮೇಲ್ಭಾಗ ಮೂಳೆ, ಕೆಳಭಾಗ ಬಿದಿರು. ಬಡಗಿ ಡ್ರಾಯರಿನ ಮೂಲೆಗೆ ಹಲ್ಲು ಕೂರಿಸುವ ಹಾಗೆ ಒಂದನ್ನೊಂದು ಕಚ್ಚಿಸಿದ್ದರು. ಮೂಳೆಯೋ ದಂತವೋ ಎಂದು ನೋಡುವುದು ಮುಖ್ಯ. ಭೂತಗನ್ನಡಿಯಲ್ಲಿ ಮೂಳೆಯ ಮೇಲೆ ಕಪ್ಪು ಚುಕ್ಕೆ, ಗೀಟು ಕಾಣುತ್ತವೆ. ಅವು ರಕ್ತ ಹರಿದ ಸಣ್ಣ ನಾಳಗಳು. ಆನೆದಂತದಲ್ಲಿ ಅವಿರುವುದಿಲ್ಲ. ಅಡ್ಡ ಕೊಯ್ದ ಕಡೆ ಒಂದರ ಮೇಲೊಂದು ಹಾದು ಹೋದ ಬಿಲ್ಲು ಬಿಲ್ಲು ಗೆರೆ ಇರುತ್ತವೆ. ಕಾದ ಸೂಜಿ ಚುಚ್ಚಿ ನೋಡುವವರಿದ್ದಾರೆ, ದಯವಿಟ್ಟು ಆ ಕೆಲಸ ಮಾಡಬೇಡಿ. ಬಿಲ್ಲೆಯೂ ಹಾಳು, ಮರ್ಯಾದೆಯೂ ಹಾಳು. ಇದು ಮೂಳೆಯೇ. ನನ್ನ ಮಿತಿ 2,250 ಎಂದು ಬರೆದುಕೊಂಡಿದ್ದೆ, 1,900ಕ್ಕೆ ಸಿಕ್ಕಿತು.

ಅದೇ ಬಂಗಲೆಯಲ್ಲಿ ಮೂರು ಬಿಲಿಯರ್ಡ್ಸ್ ಚೆಂಡೂ ಇದ್ದವು. ಹಳದಿ ತಿರುಗಿದ, ನೂಲಿನಂಥ ಬಿರುಕು ಬಿಟ್ಟ ಚೆಂಡುಗಳು. ಕನ್ನಡಿ ಹಿಡಿದೆ, ಅದೇ ಬಿಲ್ಲು ಗೆರೆ. ದಂತ. ಎಷ್ಟೇ ಹಳೆಯದಿರಲಿ, ವನ್ಯಜೀವಿ ಕಾಯ್ದೆಯ ಪ್ರಕಾರ ದಂತದ ವ್ಯಾಪಾರ ನಮ್ಮಲ್ಲಿ ಅಪರಾಧ. ಕೂಗುವವರ ಕಿವಿಯಲ್ಲಿ ಮೆಲ್ಲಗೆ ಹೇಳಿದೆ, ಅವರು ಅದನ್ನು ಪಟ್ಟಿಯಿಂದ ತೆಗೆದರು. ಗೋಡೆಯ ಮೇಲಿನ ಕಾಡುಕೋಣದ ತಲೆ, ಜಿಂಕೆ ಕೊಂಬು ಇವಕ್ಕೂ ನಾನು ಕೈ ಹಾಕುವುದಿಲ್ಲ. ನೂರು ವರ್ಷ ದಾಟಿದ ವಸ್ತುವಿಗೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಇದೆ. ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ, ವ್ಯಾಪಾರ ಮಾಡಬೇಕಾದರೆ ಲೈಸೆನ್ಸ್ ಬೇಕು. ವಿದೇಶದಿಂದ ಫೋನ್ ಮಾಡಿ ‘ಕೊರಿಯರ್ ಮಾಡ್ತೀರಾ’ ಎನ್ನುವವರಿಗೆ ನನ್ನದು ಒಂದೇ ಉತ್ತರ.

ಸವಾಲಿನ ಮಿತಿ ನಾನು ಯಾವತ್ತೂ ಗುಂಡು ಅಂಕಿಯಲ್ಲಿ ಇಡುವುದಿಲ್ಲ. ಎಲ್ಲರೂ ಐದು ಸಾವಿರಕ್ಕೆ ನಿಲ್ಲುತ್ತಾರೆ, ನಾನು 5,250 ಅಂತ ಬರೆದುಕೊಂಡಿರುತ್ತೇನೆ. ಆ ಇನ್ನೂರೈವತ್ತು ಎಷ್ಟೋ ಸಲ ಕೆಲಸ ಮಾಡಿದೆ. ಆದರೆ ಕಮಿಷನ್, ತೆರಿಗೆ, ಜೀಪಿನ ಬಾಡಿಗೆ ಎಲ್ಲ ಕಳೆದ ಮೇಲೆ ಬರುವ ಅಂಕಿ ಅದು. ಒಮ್ಮೆ ಇಬ್ಬರು ವ್ಯಾಪಾರಿಗಳು ಟೀ ಕುಡಿಸುವ ನೆಪದಲ್ಲಿ ಸೈಡಿಗೆ ಕರೆದು, ‘ಅಣ್ಣಾ, ಆ ಟ್ರೋಫಿ ಕಪ್ಪುಗಳಿಗೆ ನೀವು ಕೈ ಎತ್ತಬೇಡಿ, ರಾಕೆಟ್ಟಿಗೆ ನಾವು ಎತ್ತಲ್ಲ’ ಎಂದರು. ಟೀ ಕುಡಿದೆ. ಒಳಗೆ ಬಂದು ಎರಡಕ್ಕೂ ಕೈ ಎತ್ತಿದೆ. ಕಪ್ಪುಗಳು ನನಗೆ ಸಿಗಲಿಲ್ಲ ಅನ್ನಿ, ಆದರೆ ಅವರಿಗೂ ಪುಕ್ಕಟೆ ಹೋಗಲಿಲ್ಲ.

ಕಪ್ಪು ಅಂದ ಕೂಡಲೇ ಬೆಳ್ಳಿ ಅಂದುಕೊಳ್ಳಬೇಡಿ. ಬುಡದಲ್ಲಿ ಇಪಿಎನ್‌ಎಸ್ ಎಂಬ ನಾಲ್ಕು ಅಕ್ಷರ ಇದ್ದರೆ ಅದು ಬೆಳ್ಳಿ ಲೇಪದ ಮಿಶ್ರಲೋಹ, ಕರಗಿಸಿದರೆ ಏನೂ ಗಿಟ್ಟುವುದಿಲ್ಲ. ಅದೇ ಒಳ್ಳೆಯದಾಯಿತು ಅನ್ನಿ. ನಿಜವಾದ ಬೆಳ್ಳಿಯವು ಎಷ್ಟೋ ಒಲೆಗೆ ಹೋಗಿವೆ. ಲೇಪದವು ಗುಜರಿಯಲ್ಲಿ ತೂಕದ ಲೆಕ್ಕದಲ್ಲಿ ಇನ್ನೂ ಸಿಗುತ್ತವೆ. ಒಂದರ ಮೇಲೆ ಗೋಣಿಕೊಪ್ಪದ ಕಡೆಯ ಒಂದು ಒಕ್ಕದ ಹೆಸರು ಕೆತ್ತಿತ್ತು. ಕೈಲ್‌ಪೊಳ್ದು ಹಬ್ಬಕ್ಕೆ ಅವರೆಲ್ಲ ಐನ್‌ಮನೆಯಲ್ಲಿ, ಅಂದರೆ ಒಕ್ಕದ ಮೂಲಮನೆಯಲ್ಲಿ, ಸೇರುವಾಗ ಕೊಟ್ಟು ಬಂದೆ. ದುಡ್ಡು ತೆಗೆದುಕೊಳ್ಳಲಿಲ್ಲ, ಹಂದಿ ಪಲ್ಯ, ಕಡುಬಿಟ್ಟು ಹೊಟ್ಟೆ ತುಂಬ ತಿಂದೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ನನ್ನ ಕೈಗೂ ಕೋವಿ ಕೊಟ್ಟರು, ಕಾಯಿ ಇದ್ದಲ್ಲೇ ಇತ್ತು.

ಚೆನ್ನೆಮಣೆ, ಅಂದರೆ ಅಳಗುಳಿಮಣೆ, ಕೇಳಿಕೊಂಡು ಬರುವವರು ಜಾಸ್ತಿ. ಪ್ರವಾಸಿಗರಿಗೆ ಮಾರುವ ಅಂಗಡಿಗಳಲ್ಲಿ ಕಪ್ಪು ಪಾಲಿಶ್ ಬಳಿದ ಹೊಸದನ್ನೇ ಅಜ್ಜಿ ಕಾಲದ್ದು ಅನ್ನುತ್ತಾರೆ. ಹದಿನಾಲ್ಕು ಗುಳಿಯ ಅಂಚಿನ ಮೇಲೆ ಬೆರಳಾಡಿಸಿ. ಕಕ್ಕಡ ಮಾಸದ ಮಳೆಯಲ್ಲಿ ಕೂತು ವರ್ಷಾನುಗಟ್ಟಲೆ ಕಾಯಿ ಬಾಚಿದ ಮಣೆಯಾದರೆ ಆಡುವವರ ಕಡೆಯ ಅಂಚು ಸವೆದು ಬೆಣ್ಣೆಯ ಹಾಗಿರುತ್ತದೆ. ಹೊಸದರಲ್ಲಿ ಎಲ್ಲ ಕಡೆ ಉಳಿಯ ಗುರುತು ಚುಚ್ಚುತ್ತದೆ.

ಇನ್ನು ಕಾಗದ. ಇದಕ್ಕೆ ದುಡ್ಡು ಬೇಡ, ಕಣ್ಣು ಬೇಕು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಹಾಕಿ ಹಬ್ಬ ಶುರು ಮಾಡಿದಾಗ ಆಡಿದ್ದು 60 ಒಕ್ಕ. 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್ಪಿಗೆ 360. ಪ್ರತಿ ವರ್ಷ ಒಂದೊಂದು ಒಕ್ಕದ ಹೆಸರಿನಲ್ಲಿ ನಡೆಯುವುದರಿಂದ ಪ್ರತಿ ವರ್ಷದ ಕರಪತ್ರ, ಬ್ಯಾಡ್ಜು, ಟೋಪಿ ಬೇರೆ ಬೇರೆ. ಫೈನಲ್ ಮುಗಿದ ಸಂಜೆ ಮೈದಾನದಲ್ಲಿ ಬಿದ್ದಿರುತ್ತವೆ. ನಾನು ಚೀಲ ಹಿಡಿದು ಹೆಕ್ಕುತ್ತೇನೆ. ನೋಡಿದವರು ಏನು ಅಂದುಕೊಳ್ಳುತ್ತಾರೋ! ಶುರುವಿನ ವರ್ಷಗಳ ಕಾಗದ ನನ್ನ ಹತ್ತಿರ ಇಲ್ಲ. ಆಗ ಹೆಕ್ಕುವ ಬುದ್ಧಿ ಇರಲಿಲ್ಲ.

ತಂದದ್ದನ್ನು ಕೊಡಗಿನ ಮಳೆಯಿಂದ ಉಳಿಸುವುದು ಬೇರೆಯೇ ಕೆಲಸ. ಜುಲೈನಲ್ಲಿ ಚರ್ಮದ ಮೇಲೆ ಒಂದೇ ವಾರದಲ್ಲಿ ಬೂಷ್ಟು. ಮೊದಲ ವರ್ಷ ಹಳೇ ಚರ್ಮದ ಹಾಕಿ ಚೆಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು ಕೊಳೆಸಿದೆ. ಈಗ ಎಲ್ಲವೂ ಹತ್ತಿ ಬಟ್ಟೆಯಲ್ಲಿ. ಬೀರುವಿನೊಳಗೆ (ಕೊನೆಗೂ ಒಂದು ಬೀರು ಸಿಕ್ಕಿತು) ಒಂದು ಸಣ್ಣ ಬಲ್ಬು ಹಗಲಿಡೀ ಉರಿಯುತ್ತದೆ. ರಾಕೆಟ್ಟುಗಳು ಪ್ರೆಸ್ಸಿನಲ್ಲೇ ಇರಬೇಕು, ಇಲ್ಲದಿದ್ದರೆ ಥಂಡಿಗೆ ಹಪ್ಪಳದ ಹಾಗೆ ತಿರುಚಿಕೊಳ್ಳುತ್ತವೆ. ಮರಕ್ಕೆ ವರ್ಷಕ್ಕೊಮ್ಮೆ, ಬಿಸಿಲು ಬಿದ್ದ ಮೇಲೆ, ಅಗಸೆ ಎಣ್ಣೆ ಬಟ್ಟೆಯಲ್ಲಿ ಒಂದೇ ಕೈ. ಸ್ಯಾಂಡ್ ಪೇಪರ್ ಮುಟ್ಟಿಸುವುದೇ ಇಲ್ಲ. ಆ 350ರ ರಾಕೆಟ್ಟಿಗೆ ಹೊಸ ಗಟ್ ಹಾಕಿ ಎಂದು ಹೇಳಿದವರು ಬಹಳ. ಹಾಕುವುದು ನನ್ನ ಕಸುಬೇ, ಅರ್ಧ ಗಂಟೆ ಸಾಕು. ಹಳೇ ಚೌಕಟ್ಟು ಆ ಬಿಗಿ ತಡೆಯುವುದಿಲ್ಲ. ಹರಿದ ಗಟ್ಟಿನೊಂದಿಗೇ ಗೋಡೆಯ ಮೇಲಿದೆ.

ಬರ್ಲಿನ್ ಸ್ಟಿಕ್ಕೂ ಇದೆ. ನಮ್ಮ ಅಂಗಡಿಯ ಶಟರ್ ಎತ್ತರ, ಕೈಗೆ ಎಟುಕುವುದಿಲ್ಲ. ರಾತ್ರಿ ಎಂಟೂವರೆಗೆ ಅದರ ಕೊಕ್ಕೆ ಹಾಕಿ ಒಂದು ಸಲ ಜಗ್ಗಿದರೆ ಸರ್ರನೆ ಇಳಿಯುತ್ತದೆ.