ಮಾರ್ಕ್ಸ್ ಆಮೇಲೆ, ಮೊದಲು ವಾಯ್ಸ್ ಮೆಸೇಜು

"ಮಳೆಗಾಲದಲ್ಲಿ ಆನ್‌ಲೈನ್ ಟೆಸ್ಟಾ? ಅದೂ ತೀರ್ಥಹಳ್ಳಿ ಕಡೆ?" ಅಂತ ಸ್ಟಾಫ್ ರೂಮಿನಲ್ಲಿ ನಕ್ಕವರೇ ಈಗ ನನ್ನ ಎಕ್ಸೆಲ್ ಶೀಟ್ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬಿ.ಕಾಂ. ಮಕ್ಕಳಿಗೆ ಕಾಸ್ಟಿಂಗ್, ಅಂದರೆ ತಯಾರಿಕೆಯ ಖರ್ಚಿನ ಲೆಕ್ಕ, ಹೇಳುವವನು. ಮೊದಲ ಸಲ ಮುಗ್ಗರಿಸಿದ್ದು ಟೈಮರ್‌ನಿಂದ. ಕೈಯಿಂದ ಸುಮಾರು 4,000 ರೂಪಾಯಿ ಹಾಕಿ ಒಂದು ಕ್ವಿಜ್ ಆ್ಯಪ್ ತಗೊಂಡಿದ್ದೆ. ಜುಲೈ ತಿಂಗಳು. ಕರೆಂಟ್ ಹೋಯಿತು, ಹಿಂದೆಯೇ ಟವರೂ ಹೋಯಿತು. 60 ಚಿಲ್ಲರೆ ಮಕ್ಕಳಲ್ಲಿ ಉತ್ತರ ಬಂದದ್ದು 20ಕ್ಕಿಂತ ಕಮ್ಮಿ ಜನರದ್ದು. ಆಗುಂಬೆ ಕಡೆಯ ಹುಡುಗನೊಬ್ಬ ಕಂಬಳಿ ಕೊಪ್ಪೆ ಹಾಕಿಕೊಂಡು ಗುಡ್ಡ ಹತ್ತಿ ಸಿಗ್ನಲ್ ಹಿಡಿಯುವಷ್ಟರಲ್ಲಿ ಟೈಮ್ ಮುಗಿದಿತ್ತು. ದುಡ್ಡು ನೀರಿಗೆ ಹೋಯಿತು.

ಟೈಮರ್ ಬಿಟ್ಟೆ. ಬೆಳಿಗ್ಗೆ ಗೂಗಲ್ ಫಾರ್ಮ್‌ನಲ್ಲಿ ಪ್ರಶ್ನೆ, ಮರುದಿನ ಸಂಜೆಯೊಳಗೆ ಹಾಳೆಯಲ್ಲಿ ಬರೆದು ಫೋಟೋ. ಕಾಪಿ ಹೊಡೀತಾರೆ ಅಂದರು. ಹೊಡೆದರು ಕೂಡ. ಒಬ್ಬನ ತಪ್ಪು ಹನ್ನೊಂದು ಹಾಳೆಯಲ್ಲಿ ಸಿಕ್ಕಿತು! ಆಮೇಲೆ ರಿಜಿಸ್ಟರ್ ನಂಬರಿನ ಕೊನೆಯ ಎರಡು ಅಂಕಿಯನ್ನೇ ಲೆಕ್ಕದೊಳಗೆ ತಂದೆ. ನಂಬರ್ 47 ಆದರೆ ಅಡಿಕೆ ಒಣಗಿಸುವ ಶೆಡ್ಡಿನ ಬಾಡಿಗೆ 24,700. ಒಬ್ಬೊಬ್ಬರಿಗೂ ಬೇರೆ ಉತ್ತರ. ಹಾಳೆ ಅದಲುಬದಲು ಮಾಡಿಕೊಂಡವರನ್ನು ಹಿಡಿಯೋಕೆ ನನ್ನ ಎಕ್ಸೆಲ್ ಶೀಟಿನಲ್ಲಿ ಇನ್ನೊಂದು ಕಾಲಂ ಇದೆ. ಅದನ್ನು ಮಾತ್ರ ಹೇಳಲ್ಲ, ಮಕ್ಕಳೂ ಇದನ್ನು ಓದುತ್ತಾರೆ.

ಫೋಟೋಗಳಿಂದ ಡ್ರೈವ್‌ನ 15 ಜಿಬಿ ತುಂಬಿತು. ತಿಂಗಳಿಗೆ 130ರ ಹಾಗೆ ಕೊಡುತ್ತಿದ್ದೇನೆ. ವಾಯ್ಸ್ ಮೆಸೇಜಿಗೆ ಅಂತ 900 ಕೊಟ್ಟು ತಂದ ಮೈಕು ದಂಡ. ಇಯರ್‌ಫೋನೇ ಸಾಕಿತ್ತು.

ನಿಜವಾದ ತಲೆನೋವು ತಿದ್ದಿದ ಮೇಲಿನದು. ಕೆಂಪಿನಲ್ಲಿ ಉದ್ದುದ್ದ ಗೀಚಿ ಕಳಿಸುತ್ತಿದ್ದೆ. ಮಾರ್ಕ್ಸ್ ನೋಡಿ ಫೋನ್ ಜೇಬಿಗೆ, ಅಷ್ಟೇ. ಓದುತ್ತಿದ್ದವರು ಐದಾರು ಜನ. ಸ್ಕ್ರೀನ್ ರೆಕಾರ್ಡ್ ಮಾಡಿ ವಿಡಿಯೊ ಕಳಿಸಿದೆ, ಡೌನ್‌ಲೋಡೇ ಆಗಲಿಲ್ಲ. ಒಬ್ಬರ ಹಾಳೆ ಇನ್ನೊಬ್ಬರು ತಿದ್ದಲಿ ಅಂದೆ. ಎಲ್ಲರೂ "ಚೆನ್ನಾಗಿದೆ" ಅಂತ ಬರೆದರು! "ಮೊದಲ ತಪ್ಪು ಎಷ್ಟನೇ ಸಾಲಿನಲ್ಲಿದೆ?" ಅಂತ ಕೇಳಿದಾಗ ಮಾತ್ರ ಸ್ವಲ್ಪ ಕೆಲಸ ಆಯಿತು. ಅದನ್ನು ಇನ್ನೂ ಪೂರ್ತಿ ಬಿಟ್ಟಿಲ್ಲ.

ಈಗ ಮಾರ್ಕ್ಸ್ ತಡೆಹಿಡಿಯುತ್ತೇನೆ. ವಾಟ್ಸ್ಯಾಪ್‌ನಲ್ಲಿ ಒಂದು ನಿಮಿಷದ ವಾಯ್ಸ್, ಅದರಲ್ಲಿ ಒಂದೇ ತಪ್ಪು. ಆ ಹಂತವನ್ನಷ್ಟೇ ತಿದ್ದಿ ಕಳಿಸಿದರೆ ಮಾರ್ಕ್ಸ್ ಸಿಗುತ್ತೆ. ಕಳೆದ ಸೆಮಿಸ್ಟರ್‌ನಲ್ಲಿ 50ಕ್ಕೂ ಜಾಸ್ತಿ ಜನ ತಿದ್ದಿ ಕಳಿಸಿದರು. ಒಂದು ಟೆಸ್ಟಿಗೆ ನನಗೆ ಎರಡು ಸಂಜೆ ಬೇಕು. ಕೆಂಪು ಪೆನ್ನಿಗೂ ಅಷ್ಟೇ ಬೇಕಿತ್ತು ಬಿಡಿ.

ಒಬ್ಬಳು ಅಡಿಕೆ ಸುಲಿಯುವ ಕೂಲಿಯನ್ನು ಫಿಕ್ಸೆಡ್ ಕಾಸ್ಟಿಗೆ, ಅಂದರೆ ಮಾಲು ಎಷ್ಟಾದರೂ ಬದಲಾಗದ ಖರ್ಚಿಗೆ, ಸೇರಿಸಿದ್ದಳು. "ನೋಡಮ್ಮ, ನಿಮ್ಮನೇಲಿ ಅಡಿಕೆ ಸುಲಿಯೋರಿಗೆ ಕೆಜಿ ಲೆಕ್ಕದಲ್ಲಿ ಅಲ್ವಾ ಕೊಡೋದು? ಅಡಿಕೆ ಕಮ್ಮಿ ಬಂದ್ರೆ ಕೂಲಿ ಅಷ್ಟೇ ಇರುತ್ತಾ?" ಅಂದೆ. ಪುಸ್ತಕದ ವ್ಯಾಖ್ಯೆ ಎತ್ತಲೇ ಇಲ್ಲ. ಅರ್ಧ ಗಂಟೆಯಲ್ಲಿ ತಿದ್ದಿದ ಫೋಟೋ ಬಂತು, ಜೊತೆಗೆ ಅವಳದೇ ಒಂದು ವಾಯ್ಸ್: "ಸರ್, ಅಪ್ಪ ಕೇಳ್ತಿದಾರೆ, ಸುಲಿಯೋರಿಗೆ ಕೊಡೋ ಕಾಫಿ-ತಿಂಡಿ ಖರ್ಚು ಎಲ್ಲಿಗೆ ಹಾಕ್ಬೇಕು ಅಂತ."

ಮುಂದಿನ ಟೆಸ್ಟಿಗೆ ಅದನ್ನೇ ಎರಡನೇ ಪ್ರಶ್ನೆ ಮಾಡಿದೆ.