ಉಳುಕಿದ ಕಾಲು ಮತ್ತೆ ಬೆಟ್ಟ ಇಳಿಯಬೇಕಾದರೆ

ಚಾರಣದಲ್ಲಿ ಕಾಲು ಉಳುಕುವುದು ಹೆಚ್ಚಾಗಿ ಇಳಿಯುವಾಗಲೇ. ಸುಸ್ತಾದ ಕಾಲು ಬೇರಿನ ಮೇಲೋ ಸಡಿಲ ಕಲ್ಲಿನ ಮೇಲೋ ಬೀಳುತ್ತದೆ, ಪಾದ ಒಳಕ್ಕೆ ಮಡಚಿಕೊಳ್ಳುತ್ತದೆ, ಕೀಲಿನ ಹೊರಬದಿಯ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ನಾರಿನ ಪಟ್ಟಿ) ಜಗ್ಗುತ್ತದೆ ಇಲ್ಲವೇ ಹರಿಯುತ್ತದೆ. ಊತ ಇಳಿದ ಕೂಡಲೇ ವಾಸಿಯಾಯಿತು ಎಂದುಕೊಂಡು ಮುಂದಿನ ವಾರವೇ ಬ್ಯಾಗ್ ಏರಿಸಿದವರಿಗೆ ಅದೇ ಕಾಲು ಮತ್ತೆ ಉಳುಕುತ್ತದೆ. ಪಾದ ಎತ್ತ ವಾಲುತ್ತಿದೆ ಎಂದು ಮೆದುಳಿಗೆ ತಿಳಿಸುವ ನರತುದಿಗಳು ಆ ಲಿಗಮೆಂಟಿನಲ್ಲೇ ಇರುತ್ತವೆ. ಪೆಟ್ಟಿಗೆ ಅವೂ ಕೆಡುತ್ತವೆ. ನೋವು ಹೋದಷ್ಟು ಬೇಗ ಈ ಅರಿವು ಮರಳುವುದಿಲ್ಲ, ಅದನ್ನು ಅಭ್ಯಾಸದಿಂದಲೇ ತರಬೇಕು.

ಕಾಡಿನಲ್ಲೇ ಉಳುಕಿದರೆ

ಇನ್ನೂ ನಡೆಯಬೇಕಿದ್ದರೆ ಶೂ ಬಿಚ್ಚಬೇಡಿ. ಬಿಚ್ಚಿದ ಮೇಲೆ ಕಾಲು ಊದಿಕೊಂಡು ಮತ್ತೆ ಒಳಗೆ ಹೋಗುವುದಿಲ್ಲ. ಬಿಗಿಯೆನಿಸಿದರೆ ಲೇಸ್ ಸ್ವಲ್ಪ ಸಡಿಲಿಸಿ, ಬ್ಯಾಗನ್ನು ಜೊತೆಗಾರರಿಗೆ ಕೊಡಿ, ಕೋಲನ್ನು ನೋವಿಲ್ಲದ ಕಾಲಿನ ಕಡೆಯ ಕೈಯಲ್ಲಿ ಹಿಡಿಯಿರಿ.

ಮೂಳೆ ಮುರಿದಿರಬಹುದೇ ಎಂದು ತಿಳಿಯಲು ವೈದ್ಯರು ಬಳಸುವ ಆಟವಾ ನಿಯಮ ಚಾರಣಿಗರಿಗೂ ಗೊತ್ತಿರಬೇಕು. ಉಳುಕಿದ ಕಾಲಿನ ಮೇಲೆ ಭಾರ ಹಾಕಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ಬೇಕು. ಕೀಲಿನ ಎರಡೂ ಬದಿಗೆ ಉಬ್ಬಿರುವ ಮೂಳೆಯ ತುದಿಯನ್ನೂ ಅದರ ಹಿಂಭಾಗದ ಕೆಳಗಿನ 6 ಸೆಂ.ಮೀ. ಅಂಚನ್ನೂ ಬೆರಳಿನಿಂದ ಒತ್ತಿ ನೋಡಿ. ಕಿರುಬೆರಳಿನ ಸಾಲಿನಲ್ಲಿ ಪಾದದ ಹೊರ ಅಂಚಿನ ನಡುವೆ ಒಂದು ಗಂಟು ಸಿಗುತ್ತದೆ, ಒಳ ಅಂಚಿನಲ್ಲಿ ಕೀಲಿನ ಸ್ವಲ್ಪ ಮುಂದೆ ಇನ್ನೊಂದು. ಇವುಗಳಲ್ಲಿ ಎಲ್ಲೇ ಮೂಳೆಯ ಮೇಲೆ ಒತ್ತಿದಾಗ ನೋವಾದರೂ ಎಕ್ಸ್‌ರೇ ಮಾಡಿಸಿ. ಬೆರಳು ಮರಗಟ್ಟಿದರೆ, ತಣ್ಣಗಾದರೆ ಅಥವಾ ಪಾದದ ಆಕಾರವೇ ಬದಲಾಗಿದ್ದರೆ ನಡೆಯಬಾರದು, ಹೊತ್ತೇ ಇಳಿಸಬೇಕು.

ಮೊದಲ ಮೂರು ದಿನ

10 ಸೆಂ.ಮೀ. ಅಗಲದ ಕ್ರೇಪ್ ಬ್ಯಾಂಡೇಜನ್ನು ಬೆರಳ ಬುಡದಿಂದ ಶುರುಮಾಡಿ, ಹಿಮ್ಮಡಿಯನ್ನೂ ಸೇರಿಸಿ, ಕೀಲಿನ ಮೇಲೆ ಅಡ್ಡಡ್ಡ ದಾಟಿಸುತ್ತಾ ಮೇಲಕ್ಕೆ ಸುತ್ತಿ. ಹಿಮ್ಮಡಿ ಬಿಟ್ಟು ಸುತ್ತಿದರೆ ಊತವೆಲ್ಲ ಅಲ್ಲೇ ಬಂದು ನಿಲ್ಲುತ್ತದೆ. ಬೆರಳು ನೀಲಿಗಟ್ಟಿದರೆ ಬಿಚ್ಚಿ ಸಡಿಲವಾಗಿ ಸುತ್ತಿ, ಮಲಗುವಾಗ ತೆಗೆದಿಡಿ. ಕಾಲನ್ನು ದಿಂಬುಗಳ ಮೇಲೆ ಎದೆಗಿಂತ ಎತ್ತರದಲ್ಲಿಡಿ. ಐಸ್ ನೋವನ್ನು ತಗ್ಗಿಸುತ್ತದೆ ಅಷ್ಟೇ. ಬಟ್ಟೆಯಲ್ಲಿ ಸುತ್ತಿ 10–15 ನಿಮಿಷ ಇಟ್ಟರೆ ಸಾಕು.

ನಮ್ಮ ಕಡೆ ಕಾಲು ಉಳುಕಿದ ಕೂಡಲೇ ಎಣ್ಣೆ ಹಚ್ಚಿ ನೀವಿಸುವುದು, ಬಿಸಿನೀರಿನ ಶಾಖ ಕೊಡುವುದು ರೂಢಿ. ಈ ಮೂರು ದಿನ ಅದನ್ನು ಖಂಡಿತ ಮಾಡಬೇಡಿ. ಹರಿದ ಜಾಗದಲ್ಲಿ ರಕ್ತಸ್ರಾವ ಹೆಚ್ಚಿ ಊತ ಇನ್ನಷ್ಟು ಏರುತ್ತದೆ. ಹಾಗೆಂದು ವಾರಗಟ್ಟಲೆ ಹಾಸಿಗೆ ಹಿಡಿಯುವುದೂ ತಪ್ಪು. ಮೂಳೆಗೆ ಪೆಟ್ಟಾಗಿಲ್ಲ ಎಂದಾದರೆ ನೋವು ತಡೆಯುವಷ್ಟು ಭಾರ ಹಾಕಿ ಮನೆಯೊಳಗೆ ಓಡಾಡಿ.

ಅ ಆ ಇ ಈ

ನಾಲ್ಕನೇ ದಿನದ ಹೊತ್ತಿಗೆ ಕೀಲು ಆಡಿಸಲು ಶುರುಮಾಡಿ. ಕುರ್ಚಿಯಲ್ಲಿ ಕೂತು, ಮೊಣಕಾಲು ಅಲ್ಲಾಡಿಸದೆ, ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಇಂದ ಅಃ ವರೆಗೆ ದೊಡ್ಡದಾಗಿ ಬರೆಯಿರಿ, ದಿನಕ್ಕೆ ಮೂರು ಸಲ. ದುಂಡಗಿನ ಅಕ್ಷರಗಳಾದ್ದರಿಂದ ಕೀಲು ಎಲ್ಲ ದಿಕ್ಕಿಗೂ ತಿರುಗುತ್ತದೆ.

ನಡಿಗೆ ಸಲೀಸಾದ ಮೇಲೆ ಗೋಡೆಗೆ ಮುಖ ಮಾಡಿ ನಿಂತು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಿ. ಹೆಬ್ಬೆರಳು ಗೋಡೆಯಿಂದ ಹೆಚ್ಚೆಂದರೆ ಎಷ್ಟು ದೂರವಿದ್ದಾಗ ಮೊಣಕಾಲು ಮುಟ್ಟುತ್ತದೆ ಎಂದು ಎರಡೂ ಕಾಲಿನಲ್ಲಿ ಅಳೆಯಿರಿ. 2 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕೀಲು ಇನ್ನೂ ಬಿಗಿಯಾಗಿದೆ. ಮೆಟ್ಟಿಲಿಳಿಯುವಾಗ ಮೊಣಕಾಲು ಪಾದಕ್ಕಿಂತ ಮುಂದೆ ಬರಬೇಕು. ಕೀಲು ಬಿಗಿಯಾಗಿದ್ದರೆ ಅದು ಆಗದೆ ಪಾದ ಪಕ್ಕಕ್ಕೆ ತಿರುಗುತ್ತದೆ.

ಶಕ್ತಿಗೆ ಎರಡು ವ್ಯಾಯಾಮ. ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಮಂಚದ ಕಾಲಿಗೆ ಕಟ್ಟಿ, ಇನ್ನೊಂದು ತುದಿಯನ್ನು ಪಾದಕ್ಕೆ ಹಾಕಿಕೊಂಡು ಪಾದವನ್ನು ಹೊರಕ್ಕೆ ಎಳೆಯಿರಿ, 15ರಂತೆ ಮೂರು ಸುತ್ತು. ನಿಧಾನವಾಗಿ ಹಿಂದಕ್ಕೆ ಬಿಡುವುದು ಮುಖ್ಯ, ಪಟಕ್ಕನೆ ಬಿಟ್ಟರೆ ಪ್ರಯೋಜನವಿಲ್ಲ. ಎರಡನೆಯದು ಹಿಮ್ಮಡಿ ಎತ್ತುವುದು. ಮೊದಲು ಎರಡೂ ಕಾಲಲ್ಲಿ, ಆಮೇಲೆ ಒಂಟಿಕಾಲಲ್ಲಿ.

ಎಲ್ಲಕ್ಕಿಂತ ಹೆಚ್ಚು ಜನ ಬಿಟ್ಟುಬಿಡುವುದು ಸಮತೋಲನದ ಅಭ್ಯಾಸವನ್ನು. ಗೋಡೆಯ ಪಕ್ಕ ಒಂಟಿಕಾಲಲ್ಲಿ 30 ಸೆಕೆಂಡ್ ನಿಲ್ಲಿ. ಅದು ಸುಲಭವಾದ ಮೇಲೆ ಕಣ್ಣು ಮುಚ್ಚಿ ನಿಲ್ಲಿ, ಆಮೇಲೆ ದಿಂಬಿನ ಮೇಲೆ. ಹಲ್ಲುಜ್ಜುವ ಹೊತ್ತನ್ನು ಇದಕ್ಕೇ ಇಟ್ಟುಕೊಂಡರೆ ತಪ್ಪಿಹೋಗುವುದಿಲ್ಲ. ಹಿಂದೆಲ್ಲ ಬೇಗ ವಾಸಿಯಾಗುತ್ತಿತ್ತು ಎಂದು ಇದನ್ನು ಕಡೆಗಣಿಸಬೇಡಿ. ಪದೇಪದೇ ಉಳುಕುವ ಕಾಲಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಮತ್ತೆ ಬೆಟ್ಟಕ್ಕೆ

ಸಣ್ಣ ಉಳುಕಿಗೆ ಎರಡು ವಾರ, ಸ್ವಲ್ಪ ಹರಿದಿದ್ದರೆ ನಾಲ್ಕರಿಂದ ಆರು ವಾರ, ಪೂರ್ತಿ ಹರಿದಿದ್ದರೆ ಮೂರು ತಿಂಗಳೋ ಅದಕ್ಕಿಂತ ಹೆಚ್ಚೋ ಹಿಡಿಯಬಹುದು. ಆದರೆ ಕ್ಯಾಲೆಂಡರಿಗಿಂತ ಪರೀಕ್ಷೆಯನ್ನು ನಂಬಿ. ಒಂಟಿಕಾಲಲ್ಲಿ 20 ಸಲ ಹಿಮ್ಮಡಿ ಎತ್ತಲು, ನೋವಿಲ್ಲದೆ ಮುಂದಕ್ಕೂ ಪಕ್ಕಕ್ಕೂ ಹತ್ತು ಸಲ ಕುಪ್ಪಳಿಸಲು, ಮನೆಯ ಮೆಟ್ಟಿಲನ್ನು ಕಟಕಟೆ ಹಿಡಿಯದೆ ಇಳಿಯಲು ಆದರೆ ಹೊರಡಬಹುದು.

ಮೈಸೂರಿನವರಿಗೆ ಚಾಮುಂಡಿ ಬೆಟ್ಟ ಹೇಳಿ ಮಾಡಿಸಿದ ಜಾಗ. ಸಾವಿರ ಚಿಲ್ಲರೆ ಮೆಟ್ಟಿಲು, ಮೇಲಿನವರೆಗೂ ರಸ್ತೆ, ಬಸ್ಸು. ಮೊದಲ ಸಲ ಮೆಟ್ಟಿಲು ಹತ್ತಿ, ಇಳಿಯಲು ಬಸ್ ಹಿಡಿಯಿರಿ. ಮುಂದಿನ ವಾರ ಮೇಲಿನಿಂದ ದೊಡ್ಡ ನಂದಿಯವರೆಗೆ, ಸುಮಾರು 300 ಮೆಟ್ಟಿಲು ಮಾತ್ರ ಇಳಿಯಿರಿ. ನಂದಿಯವರೆಗೂ ರಸ್ತೆಯಿದೆ, ಬೇಕೆನಿಸಿದರೆ ಅಲ್ಲೇ ನಿಲ್ಲಿಸಬಹುದು. ಮೂರನೇ ವಾರ ಪೂರ್ತಿ ಇಳಿಯಿರಿ. ಪ್ರತಿ ಸಲವೂ ಮರುದಿನ ಬೆಳಿಗ್ಗೆ ಕಾಲು ನೋಡಿಕೊಳ್ಳಿ. ಊತ ಅಥವಾ ಬಿಗಿತ ಹೆಚ್ಚಿದ್ದರೆ ಒಂದು ಹಂತ ಹಿಂದಕ್ಕೆ ಹೋಗಿ. ಇಳಿಜಾರು ಹಿಡಿತಕ್ಕೆ ಬಂದ ಮೇಲೆ ಬ್ಯಾಗಿನ ಭಾರ ಸೇರಿಸಿ: 3 ಕೆ.ಜಿ., ಆಮೇಲೆ 5. ದೂರ ಮತ್ತು ಭಾರ ಎರಡನ್ನೂ ಒಂದೇ ವಾರದಲ್ಲಿ ಏರಿಸಬೇಡಿ.

ಕುಮಾರ ಪರ್ವತದಂಥ ಕಡೆಗೆ ಹೋಗುವುದನ್ನು ಕೊನೆಗಿಟ್ಟುಕೊಳ್ಳಿ. 1712 ಮೀಟರ್ ಶಿಖರದಿಂದ ಕುಕ್ಕೆಗೆ ಇಳಿಯುವ ದಾರಿ ಉದ್ದ, ಕಡೆಯ ಕಾಡಿನ ಭಾಗದಲ್ಲಿ ಬೇರುಗಳೇ ಬೇರು, ಅಲ್ಲಿಗೆ ಬರುವಷ್ಟರಲ್ಲಿ ಕಾಲು ಸೋತಿರುತ್ತದೆ. ಇಳಿಯುವಾಗ ಎರಡು ಟ್ರೆಕ್ಕಿಂಗ್ ಪೋಲ್ ಇರಲಿ, ಹತ್ತುವಾಗಿನದಕ್ಕಿಂತ 5–10 ಸೆಂ.ಮೀ. ಉದ್ದ ಮಾಡಿಕೊಳ್ಳಿ. ಲೇಸ್ ಕಟ್ಟುವಾಗ ಮೇಲಿನ ತೂತಿನಲ್ಲಿ ಎರಡೂ ಬದಿ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಅದರೊಳಗೆ ತೂರಿಸಿ ಬಿಗಿದರೆ ಹಿಮ್ಮಡಿ ಶೂ ಒಳಗೆ ಜಾರುವುದಿಲ್ಲ. ಮೊದಲ ಆರು ತಿಂಗಳು ಕಲ್ಲುದಾರಿಯಲ್ಲಿ ಆಂಕಲ್ ಬ್ರೇಸ್ (ಕೀಲಿಗೆ ಆಸರೆ ಕೊಡುವ ಪಟ್ಟಿ) ಹಾಕಿಕೊಳ್ಳಿ, ಆದರೆ ಅದಿದೆ ಎಂದು ಸಮತೋಲನದ ಅಭ್ಯಾಸ ಬಿಡಬೇಡಿ.

ಇಷ್ಟೆಲ್ಲ ಮಾಡಿಯೂ ಮೂರು ತಿಂಗಳ ಮೇಲೆ ಸಮತಟ್ಟು ನೆಲದಲ್ಲೇ ಕಾಲು ಕೈಕೊಡುತ್ತಿದ್ದರೆ ಅಥವಾ ಕೀಲು ಸಿಕ್ಕಿಕೊಂಡಂತಾಗುತ್ತಿದ್ದರೆ ಮೂಳೆ ತಜ್ಞರಿಗೆ ತೋರಿಸಿ. ಒಳಗೆ ಮೂಳೆಯ ತುದಿಯನ್ನು ಮುಚ್ಚಿರುವ ಮೃದ್ವಸ್ಥಿಗೂ ಪೆಟ್ಟಾಗಿರಬಹುದು, ಅದು ಎಕ್ಸ್‌ರೇಯಲ್ಲಿ ಕಾಣದೆ ಎಂಆರ್‌ಐಯಲ್ಲಿ ಗೊತ್ತಾಗುತ್ತದೆ.